ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್

ನಮ್ಮ ಹಳೇ ಮೈಸೂರು ಸೀಮೆಯಲ್ಲಿ ತಲೆಗೆ ನೀರು ಹುಯ್ದುಕೊಳ್ಳುವುದು ದಿನದಿನದ ಸ್ನಾನದಂತಲ್ಲ. ವಾರಕ್ಕೊಂದು ಸಲ, ಕೆಲವು ಮನೆಗಳಲ್ಲಿ ಹದಿನೈದು ದಿನಕ್ಕೊಂದು ಸಲ ಅದರ ದಿನ ಬರುತ್ತದೆ. ಬೆಳಗ್ಗೆಯೇ ಬಚ್ಚಲೊಲೆಗೆ ತೆಂಗಿನ ಗರಿ, ಮಟ್ಟೆ, ಸೌದೆ ತುರುಕಿ ಉರಿ ಹಾಕುತ್ತಾರೆ. ಹಂಡೆಯಲ್ಲಿ ನೀರು ಕಾಯುತ್ತದೆ. ತಲೆಗೆ ಎಣ್ಣೆ ತಟ್ಟಿಸಿಕೊಂಡು ಮಣೆಯ ಮೇಲೆ ಕೂತರೆ, ಅಮ್ಮನೋ ಅಜ್ಜಿಯೋ ಸೀಗೆಪುಡಿ ಹಾಕಿ ತಿಕ್ಕಿ, ಚೊಂಬಿನ ಮೇಲೆ ಚೊಂಬು ನೀರು ಸುರಿಯುತ್ತಾರೆ. ನೀರು ಚುರ್ ಅನ್ನಬೇಕು. ಆಗಲೇ ಮೈ ಹಗುರ ಆಗುವುದು ಅನ್ನುವ ನಂಬಿಕೆ. ಸಾಮಾನ್ಯವಾಗಿ ಆ ನೀರು 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ನಮ್ಮ ಮೈಯ ಬಿಸಿ ಸುಮಾರು 37.

ಹೀಗೆ ನೀರು ಹುಯ್ದುಕೊಳ್ಳುವಾಗ ಕೆಲವರಿಗೆ ಮಾತ್ರ ಒಂದು ವಿಚಿತ್ರ ತೊಂದರೆ ಆಗುತ್ತದೆ. ನಾಲ್ಕಾರು ಚೊಂಬು ಬೀಳುವಷ್ಟರಲ್ಲಿ ಕಣ್ಣು ಎಲ್ಲೋ ನೆಟ್ಟುಬಿಡುತ್ತದೆ. ಕೂಗಿದರೆ ಉತ್ತರ ಇಲ್ಲ. ಏನೇನೋ ಸಂಬಂಧವಿಲ್ಲದ ಮಾತು. ಕೆಲವರು ಹಾಗೇ ಪಕ್ಕಕ್ಕೆ ವಾಲಿ ಬೀಳುತ್ತಾರೆ, ಕೈಕಾಲು ಸೆಟೆದುಕೊಂಡು ಅದುರುತ್ತವೆ. ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ಆಮೇಲೆ ಮಂಪರು, ನಿದ್ದೆ. ಎದ್ದ ಮೇಲೆ ಏನಾಯಿತು ಅನ್ನುವ ನೆನಪಿಲ್ಲ. ಮುಂದಿನ ತಲೆಸ್ನಾನದವರೆಗೆ ಎಲ್ಲರ ಹಾಗೆ ಆರಾಮಾಗಿ ಓಡಾಡಿಕೊಂಡು ಇರುತ್ತಾರೆ.

ಇದು ಮೂರ್ಛೆ ರೋಗದ ಒಂದು ಬಗೆ. ಇಂಗ್ಲಿಷ್‌ನಲ್ಲಿ ಹಾಟ್ ವಾಟರ್ ಎಪಿಲೆಪ್ಸಿ ಅನ್ನುತ್ತಾರೆ. ನಾವು ಬಿಸಿನೀರು ಮೂರ್ಛೆ ಅನ್ನೋಣ. ಪ್ರಪಂಚದ ಬೇರೆ ಕಡೆ ಅಪರೂಪಕ್ಕೆ ಕಾಣುವ ಈ ಕಾಯಿಲೆ ನಮ್ಮ ಮೈಸೂರು, ಮಂಡ್ಯ, ಬೆಂಗಳೂರು ಸುತ್ತಮುತ್ತ ಜಾಸ್ತಿ. ಹಾಗಿದ್ದೂ ನಮ್ಮಲ್ಲೇ ಎಷ್ಟೋ ಜನಕ್ಕೆ ಇದಕ್ಕೊಂದು ಹೆಸರಿದೆ, ಇದು ಹತೋಟಿಗೆ ಬರುತ್ತದೆ ಅನ್ನುವುದು ಗೊತ್ತಿಲ್ಲ. ಆ ಸಂಕಟಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಸೋದರಮಾವನ ಮಗನಿಗೆ ಇದು ಶುರುವಾದಾಗ ಅವನಿಗೆ ಒಂಬತ್ತು ವರ್ಷ. ಭಾನುವಾರ ಬಂತೆಂದರೆ ಮನೆಯಲ್ಲಿ ದಿಗಿಲು. ಬಚ್ಚಲಲ್ಲಿ ಏನೋ ಸೇರಿಕೊಂಡಿದೆ ಎಂದು ಯಾರೋ ಹೇಳಿದರು. ತಾಯತ ಕಟ್ಟಿಸಿದರು. ಬಚ್ಚಲಿನ ಮೂಲೆ ಸರಿಯಿಲ್ಲ ಎಂದು ಗೋಡೆ ಒಡೆಸಿ ಬಾಗಿಲು ಬೇರೆ ಕಡೆ ಇಡಿಸಿದರು. ಮೂರು ವರ್ಷ ಹೀಗೇ ಹೋಯಿತು. ಕೊನೆಗೆ ಒಬ್ಬ ವೈದ್ಯರು ನಮ್ಮತ್ತೆಯನ್ನು ಕೇಳಿದರು: "ಅಮ್ಮ, ಇವನಿಗೆ ಯಾವಾಗ ಬರುತ್ತೆ? ಏನು ಮಾಡ್ತಿರುವಾಗ?" ಅತ್ತೆ ಹೇಳಿದರು: "ತಲೆಗೆ ನೀರು ಹುಯ್ಯುವಾಗ ಮಾತ್ರ ಸಾರ್. ಬೇರೆ ಯಾವತ್ತೂ ಇಲ್ಲ." ವೈದ್ಯರು ಪೆನ್ನು ಕೆಳಗಿಟ್ಟು, "ನೀರು ಎಷ್ಟು ಬಿಸಿ ಇರುತ್ತೆ?" ಎಂದರು. ಆವತ್ತಿನವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮನೆಯವರೂ ತಾವಾಗಿ ಹೇಳಿರಲಿಲ್ಲ. ಸ್ನಾನದ ವಿಷಯ ಡಾಕ್ಟರ ಹತ್ತಿರ ಏನು ಹೇಳುವುದು ಅನ್ನುವ ಸಂಕೋಚ.

ಮಿದುಳಿನಲ್ಲಿ ಆಗುವುದೇನು

ಮೊದಲು ಫಿಟ್ಸ್ ಅಂದರೆ ಏನು ಎಂದು ನೋಡೋಣ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಸಣ್ಣ ವಿದ್ಯುತ್ ಮಿಡಿತದಿಂದ, ಮತ್ತೆ ಕೆಲವು ರಾಸಾಯನಿಕಗಳಿಂದ. ಗ್ಲುಟಮೇಟ್ ಅನ್ನುವ ರಾಸಾಯನಿಕ ಪಕ್ಕದ ಕೋಶವನ್ನು "ಎದ್ದೇಳು" ಎಂದು ಎಬ್ಬಿಸುತ್ತದೆ. ಗಾಬಾ ಅನ್ನುವುದು "ಸುಮ್ನಿರು" ಎಂದು ತಡೆಯುತ್ತದೆ. ಎಬ್ಬಿಸುವುದು, ತಡೆಯುವುದು ಎರಡೂ ಹದವಾಗಿ ನಡೆಯುತ್ತಿದ್ದರೆ ನಾವು ನಡೆಯುತ್ತೇವೆ, ಮಾತಾಡುತ್ತೇವೆ, ಯೋಚಿಸುತ್ತೇವೆ.

ಈ ಹದ ಎಲ್ಲೋ ಒಂದು ಕಡೆ ತಪ್ಪಿದಾಗ ಸಾವಿರಾರು ಕೋಶಗಳು ಒಟ್ಟಿಗೇ, ಒಂದೇ ತಾಳದಲ್ಲಿ ಮಿಡಿಯಲು ಶುರು ಮಾಡುತ್ತವೆ. ಸಂತೆಯಲ್ಲಿ ನೂರು ಜನ ನೂರು ಮಾತಾಡುತ್ತಿದ್ದರೂ ವ್ಯಾಪಾರ ನಡೆಯುತ್ತದೆ. ಎಲ್ಲರೂ ಒಂದೇ ಸಲ ಒಂದೇ ಕೂಗು ಹಾಕಿದರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಫಿಟ್ಸ್ ಅಂದರೆ ಆ ಕೂಗು. ಅದು ಮಿದುಳಿನ ಒಂದು ಮೂಲೆಯಲ್ಲೇ ಉಳಿದರೆ ಆ ಮೂಲೆಯ ಕೆಲಸ ಮಾತ್ರ ಕೆಡುತ್ತದೆ. ಕಣ್ಣು ನೆಡುವುದು, ತುಟಿ ಚಪ್ಪರಿಸುವುದು, ಇಲ್ಲದ ಸದ್ದು ಕೇಳುವುದು, ಕಾರಣವಿಲ್ಲದ ಭಯ ಇಂಥವು. ಮಿದುಳಿನ ಎರಡೂ ಕಡೆಗೆ ಹರಡಿದರೆ ಪ್ರಜ್ಞೆ ತಪ್ಪುತ್ತದೆ, ಇಡೀ ಮೈ ಅದುರುತ್ತದೆ. ಮತ್ತೆ ಮತ್ತೆ ಹೀಗೆ ಫಿಟ್ಸ್ ಬರುವ ಸ್ವಭಾವವನ್ನು ಮೂರ್ಛೆ ರೋಗ, ಅಪಸ್ಮಾರ, ಎಪಿಲೆಪ್ಸಿ ಎಂದು ಕರೆಯುತ್ತಾರೆ.

ಬಹಳ ಜನಕ್ಕೆ ಫಿಟ್ಸ್ ಯಾವಾಗ ಬರುತ್ತದೆ ಎಂದು ಹೇಳಲು ಆಗುವುದಿಲ್ಲ. ಕೆಲವರಲ್ಲಿ ಮಾತ್ರ ಅದನ್ನು ಕೆಣಕುವ ಒಂದು ಗೊತ್ತಾದ ಸಂಗತಿ ಇರುತ್ತದೆ. ಇದಕ್ಕೆ ರಿಫ್ಲೆಕ್ಸ್ ಎಪಿಲೆಪ್ಸಿ ಎಂದು ಹೆಸರು. ಮಿಣಮಿಣ ಬೆಳಕು ಅಂಥ ಒಂದು ಕೆಣಕು. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಒಂದು ಕಾರ್ಟೂನ್ ಬಂದಾಗ, ಅದರಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಮಿನುಗಿದ್ದರಿಂದ 600ಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಕೆಲವರಿಗೆ ಓದುವಾಗ ಬರುತ್ತದೆ. ಕೆಲವರಿಗೆ ಊಟ ಮಾಡುವಾಗ. ಅಪರೂಪಕ್ಕೆ ಯಾವುದೋ ಒಂದು ಸಂಗೀತ ಕೇಳಿದರೆ. ನಮ್ಮ ಕಡೆಯವರಿಗೆ ತಲೆಯ ಮೇಲೆ ಬಿಸಿನೀರು.

ಬಚ್ಚಲಿನಿಂದ ನಿಮ್ಹಾನ್ಸ್‌ವರೆಗೆ

ಈ ಕಾಯಿಲೆ ವೈದ್ಯಕೀಯ ಪತ್ರಿಕೆಗಳಲ್ಲಿ ಮೊದಲು ದಾಖಲಾದದ್ದು 1945ರಲ್ಲಿ, ನ್ಯೂಜಿಲೆಂಡಿನಲ್ಲಿ. ಅಲ್ಲೊಬ್ಬ ಹುಡುಗನಿಗೆ ಬಿಸಿನೀರಿನ ಸ್ನಾನದಲ್ಲಿ ಫಿಟ್ಸ್ ಬರುತ್ತಿತ್ತು. ಅದು ಎಲ್ಲೋ ಒಂದು ವಿಚಿತ್ರ ಅನ್ನುವಂತೆ ಉಳಿದುಕೊಂಡಿತು. ಇತ್ತ ಬೆಂಗಳೂರಿನಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಅವರ ಮುಂದೆ ಇದೇ ಕಥೆ ಹೇಳುವ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಮಣಿ ಮತ್ತು ಅವರ ಜೊತೆಗಾರರು 1968ರಲ್ಲಿ ಇದರ ಬಗ್ಗೆ ತಮ್ಮ ಮೊದಲ ವರದಿ ಬರೆದರು. ಹಳ್ಳಿಯಿಂದ ಬಂದ ತಾಯಂದಿರು "ನೀರು ಹುಯ್ಯುವಾಗ" ಎಂದದ್ದನ್ನು ಮೂಢನಂಬಿಕೆ ಎಂದು ತಳ್ಳಿಹಾಕದೆ ಬರೆದಿಟ್ಟುಕೊಂಡ ವೈದ್ಯರು ಇದ್ದರು ಅನ್ನುವುದೇ ನನಗೆ ದೊಡ್ಡ ವಿಷಯ. ಆ ಮಾತನ್ನು ಕೇಳಿಸಿಕೊಳ್ಳದೇ ಹೋಗಿದ್ದರೆ ಇವತ್ತಿಗೂ ನಾವು ಗೋಡೆ ಒಡೆಸುತ್ತಾ ಕೂತಿರುತ್ತಿದ್ದೆವು.

ಆಮೇಲೆ ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್‌ಚಂದ್ರ ಇದನ್ನು ದಶಕಗಟ್ಟಲೆ ಹಿಂಬಾಲಿಸಿದರು. ಮುಂದೆ ಅವರೇ ಆ ಸಂಸ್ಥೆಯ ನಿರ್ದೇಶಕರೂ ಆದರು. 1988ರಲ್ಲಿ ಅವರ ತಂಡ 279 ರೋಗಿಗಳ ವಿವರ ಪ್ರಕಟಿಸಿತು. ಬೇರೆ ದೇಶದವರು ಒಬ್ಬಿಬ್ಬರ ಕಥೆ ಬರೆಯುತ್ತಿದ್ದ ಕಾಲದಲ್ಲಿ ಅದು ಬಹಳ ದೊಡ್ಡ ಲೆಕ್ಕ.

ಹಳ್ಳಿಗಳಲ್ಲಿ ಮನೆಮನೆ ಎಣಿಕೆಯೂ ನಡೆಯಿತು. ಯಳಂದೂರು ತಾಲ್ಲೂಕಿನಲ್ಲಿ ಡಾ. ಮಣಿ ಅವರ ತಂಡ ಮಾಡಿದ ಸಮೀಕ್ಷೆಯಲ್ಲಿ ಒಂದು ಲಕ್ಷ ಜನರಿಗೆ 255 ಮಂದಿಯಂತೆ ಬಿಸಿನೀರು ಮೂರ್ಛೆ ಕಂಡಿತು. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಿಮ್ಹಾನ್ಸ್ ಮಾಡಿದ ಸಮೀಕ್ಷೆಯಲ್ಲಿ ಅದು ಲಕ್ಷಕ್ಕೆ 60. ಯಳಂದೂರಿನ ಲೆಕ್ಕವನ್ನು ಹೀಗೆ ನೋಡಿ: ನಾಲ್ಕು ಸಾವಿರ ಜನ ಇರುವ ಒಂದು ಊರಿನಲ್ಲಿ ಹತ್ತು ಜನ. ಅಂದರೆ ಆ ಊರಿನ ಪ್ರತಿ ಬೀದಿಯಲ್ಲೂ ಒಬ್ಬರು ಇರಬಹುದು. ಅಷ್ಟಿದ್ದರೂ ಪಕ್ಕದ ಮನೆಯವರಿಗೆ ಗೊತ್ತಿರುವುದಿಲ್ಲ, ಯಾಕೆಂದರೆ ಎಲ್ಲರೂ ಮುಚ್ಚಿಡುತ್ತಾರೆ.

ನಮ್ಮನ್ನು ಬಿಟ್ಟರೆ ಟರ್ಕಿ ದೇಶದಲ್ಲಿ ಇಂಥ ರೋಗಿಗಳು ತಕ್ಕಮಟ್ಟಿಗೆ ಇದ್ದಾರೆ. ಅಲ್ಲೂ ಬೋಗುಣಿಯಲ್ಲಿ ಬಿಸಿನೀರು ಮೊಗೆದು ತಲೆಗೆ ಸುರಿದುಕೊಳ್ಳುವ ರೂಢಿ ಇದೆ. ಜಪಾನಿನಲ್ಲಿ ತೊಟ್ಟಿಯ ಬಿಸಿನೀರಿನಲ್ಲಿ ಮುಳುಗಿಸಿದಾಗ ಫಿಟ್ಸ್ ಬಂದ ಕೂಸುಗಳ ವರದಿಗಳಿವೆ. ಸ್ನಾನದ ರೀತಿಗೂ ಕಾಯಿಲೆಗೂ ನಂಟಿದೆ ಅನ್ನುವುದಕ್ಕೆ ಇದು ಒಂದು ಸಾಕ್ಷಿ. ಆದರೆ ಅದೊಂದೇ ಕಾರಣ ಅಲ್ಲ. ಹಂಡೆ ನೀರು ಹುಯ್ದುಕೊಳ್ಳುವ ಲಕ್ಷಾಂತರ ಜನಕ್ಕೆ ಏನೂ ಆಗುವುದಿಲ್ಲ, ಅಲ್ವಾ?

ಹಾಗಾದರೆ ಕೆಲವರಿಗೆ ಮಾತ್ರ ಯಾಕೆ?

ಸತೀಶ್‌ಚಂದ್ರ ಅವರ ತಂಡ ತಲೆಸ್ನಾನದ ಹೊತ್ತಿನಲ್ಲೇ ಮೈ ಬಿಸಿಯನ್ನು ಅಳೆದು ನೋಡಿತು. ಆರೋಗ್ಯವಂತರಲ್ಲಿ ಅದು ಅರ್ಧ ಡಿಗ್ರಿಯ ಆಸುಪಾಸು ಏರಿ, ಬೇಗ ಇಳಿಯುತ್ತಿತ್ತು. ಈ ಕಾಯಿಲೆ ಇದ್ದವರಲ್ಲಿ 2ರಿಂದ 3 ಡಿಗ್ರಿಯಷ್ಟು ಸರ್ರನೆ ಏರುತ್ತಿತ್ತು, ಇಳಿಯಲು ಜಾಸ್ತಿ ಹೊತ್ತು ಬೇಕಾಗುತ್ತಿತ್ತು. ಅಂದರೆ ಮೈ ಬಿಸಿಯನ್ನು ಹದದಲ್ಲಿಡುವ ವ್ಯವಸ್ಥೆ ಇವರಲ್ಲಿ ಸ್ವಲ್ಪ ಬೇರೆ ಥರ ಕೆಲಸ ಮಾಡುತ್ತದೆ. ಆ ವ್ಯವಸ್ಥೆಯ ಯಜಮಾನ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಅನ್ನುವ ಪುಟ್ಟ ಭಾಗ. ಫಿಟ್ಸ್ ಬಂದ ಹೊತ್ತಿನಲ್ಲಿ ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ಸ್ಕ್ಯಾನ್ ಮಾಡಿ ನೋಡಿದಾಗ, ಈ ಹೈಪೋಥಲಾಮಸ್ ಮತ್ತು ಕಿವಿಯ ಮೇಲ್ಗಡೆ ಇರುವ ಟೆಂಪೊರಲ್ ಭಾಗದ ಒಳಮಗ್ಗುಲು ಎರಡೂ ಚುರುಕಾಗಿ ಕಂಡವು. ಟೆಂಪೊರಲ್ ಭಾಗ ನೆನಪು, ಭಯ, ಕೇಳಿಸುವ ಸದ್ದು ಇವುಗಳ ಜಾಗ. ಇವರಿಗೆ ಭಯ ಆಗುವುದು, ಇಲ್ಲದ ದನಿ ಕೇಳುವುದು, ಅಸಂಬದ್ಧ ಮಾತಾಡುವುದು ಯಾಕೆ ಅನ್ನುವುದಕ್ಕೆ ಇಲ್ಲಿ ಉತ್ತರ ಸಿಗುತ್ತದೆ. ದೆವ್ವ ಮಾತಾಡಿಸುತ್ತಿದೆ ಎಂದು ಮನೆಯವರು ತಿಳಿದುಕೊಂಡಿದ್ದು ಟೆಂಪೊರಲ್ ಭಾಗದ ಮಿಡಿತ.

ಬರೀ ಶಾಖವೇ ಕಾರಣ ಆಗಿದ್ದರೆ ಮಂಡಿಯವರೆಗೆ ಬಿಸಿನೀರಲ್ಲಿ ಕಾಲಿಟ್ಟರೂ ಬರಬೇಕಿತ್ತು. ಹಾಗೆ ಬರುವುದಿಲ್ಲ. ಬಹುತೇಕ ಎಲ್ಲರಿಗೂ ತಲೆಯ ಮೇಲೆಯೇ ಬೀಳಬೇಕು. ಮುಖ ಮತ್ತು ತಲೆಯ ಚರ್ಮದಲ್ಲಿ ಸ್ಪರ್ಶ ತಿಳಿಸುವ ನರಗಳು ದಟ್ಟವಾಗಿವೆ. ಅವುಗಳ ಸುದ್ದಿ ತೆಗೆದುಕೊಳ್ಳಲು ಮಿದುಳಿನಲ್ಲೂ ದೊಡ್ಡ ಜಾಗ ಇದೆ. ಬಿಸಿ, ನೀರು ಬೀಳುವ ಸ್ಪರ್ಶ, ಸುರಿಯುವ ವೇಗ, ಎಲ್ಲ ಒಟ್ಟಾಗಿ ಮಿದುಳಿಗೆ ನುಗ್ಗುತ್ತವೆ. ಹದ ತಪ್ಪಲು ತಯಾರಾಗಿರುವ ಮಿದುಳಿಗೆ ಅದೇ ಕೆಣಕು.

ನಿಮ್ಹಾನ್ಸ್‌ನಲ್ಲಿ ಇಲಿಗಳ ಮೇಲೆ ಬಿಸಿನೀರು ಸುರಿದು ಮಾಡಿದ ಪ್ರಯೋಗ ಇನ್ನೊಂದು ವಿಷಯ ತೋರಿಸಿತು. ದಿನಗಟ್ಟಲೆ ಮತ್ತೆ ಮತ್ತೆ ಸುರಿದಾಗ, ಫಿಟ್ಸ್ ಬರುವುದು ಸುಲಭವಾಗುತ್ತಾ ಹೋಯಿತು. ಬಂದ ಫಿಟ್ಸ್ ಉದ್ದವಾಗುತ್ತಾ ಹೋಯಿತು. ಒಣ ಸೌದೆಯನ್ನು ದಿನಾ ಸ್ವಲ್ಪ ಸ್ವಲ್ಪ ಕಾಯಿಸಿದರೆ ಆಮೇಲೆ ಒಂದು ಕಿಡಿಗೇ ಹೊತ್ತಿಕೊಳ್ಳುತ್ತದಲ್ಲ, ಹಾಗೆ. "ಬಂದು ಹೋಗುತ್ತೆ ಬಿಡಿ, ಮೂರು ನಿಮಿಷ ತಾನೆ" ಎಂದು ಪ್ರತಿ ವಾರ ಅದೇ ಬಿಸಿನೀರು ಹುಯ್ಯುವುದು ಯಾಕೆ ಒಳ್ಳೆಯದಲ್ಲ ಅನ್ನುವುದಕ್ಕೆ ಈ ಪ್ರಯೋಗ ನೆನಪಿರಲಿ. ಈ ಕಾಯಿಲೆ ಇರುವವರಲ್ಲಿ ಒಂದು ಪಾಲು ಜನಕ್ಕೆ ಮುಂದೆ ನೀರಿನ ಹಂಗಿಲ್ಲದೆ, ಸುಮ್ನೆ ಕೂತಿರುವಾಗಲೂ ಫಿಟ್ಸ್ ಬರಲು ಶುರುವಾಗುತ್ತದೆ.

ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇದು ಕಾಣುತ್ತದೆ. ಅಂಥ ಕುಟುಂಬಗಳನ್ನು ನಿಮ್ಹಾನ್ಸ್ ಮತ್ತು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸೇರಿ ಅಭ್ಯಾಸ ಮಾಡಿದರು. 2009ರಲ್ಲಿ ಅವರು, ವಂಶದ ಗುಣಗಳನ್ನು ಹೊತ್ತಿರುವ ವರ್ಣತಂತುಗಳಲ್ಲಿ 4ನೇ ಮತ್ತು 10ನೆಯವುಗಳ ಮೇಲೆ ಇದಕ್ಕೆ ನಂಟಿರುವ ಜಾಗಗಳನ್ನು ಗುರುತಿಸಿದರು. ಹುಟ್ಟಿನಿಂದ ಬಂದ ಒಲವು ಒಂದು ಕಡೆ, ನಮ್ಮ ಸ್ನಾನದ ಪದ್ಧತಿ ಇನ್ನೊಂದು ಕಡೆ. ಎರಡೂ ಸೇರುವ ಜಾಗ ನಮ್ಮ ಸೀಮೆ ಆಗಿರಬೇಕು ಅನ್ನುವುದು ನನಗೆ ಒಪ್ಪಿಗೆಯಾಗುವ ವಿವರಣೆ. ಹಾಗೆಂದು ಕುಟುಂಬದಲ್ಲಿ ಯಾರಿಗೂ ಇಲ್ಲದಿದ್ದರೆ ಬರುವುದೇ ಇಲ್ಲ ಎಂದಲ್ಲ. ಹೆಚ್ಚಿನ ರೋಗಿಗಳ ಮನೆಯಲ್ಲಿ ಅವರೊಬ್ಬರೇ.

ಹೆಣ್ಣುಮಕ್ಕಳಿಗಿಂತ ಗಂಡಸರಲ್ಲಿ ಇದು ಎರಡು ಪಟ್ಟು ಜಾಸ್ತಿ ಕಾಣುತ್ತದೆ. ಮಕ್ಕಳಲ್ಲಿ ಶುರುವಾಗುವುದು ಹೆಚ್ಚು, ಆದರೆ ನಮ್ಮಲ್ಲಿ ದೊಡ್ಡವರಾದ ಮೇಲೆ ಬಂದವರೂ ಸಾಕಷ್ಟು ಇದ್ದಾರೆ.

"ಸಾಕು ಅಂದರೂ ನಿಲ್ಲಿಸಲ್ಲ"

ಒಂದು ವಿಷಯವನ್ನು ಇಲ್ಲಿ ನಿಧಾನವಾಗಿ ಹೇಳಬೇಕು. ಯಾಕೆಂದರೆ ಮನೆಗಳಲ್ಲಿ ಮಕ್ಕಳು ಇದಕ್ಕೆ ಏಟು ತಿನ್ನುತ್ತಾರೆ. ಈ ರೋಗಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಫಿಟ್ಸ್ ಶುರುವಾಗುವ ಹೊತ್ತಿನಲ್ಲಿ ಭಯದ ಬದಲು ತುಂಬಾ ಹಿತ ಅನಿಸುತ್ತದೆ. ಹೇಳಲಾಗದ ಸುಖ. ಹಾಗಾಗಿ ಅವರು ಚೊಂಬು ಬಿಡುವುದಿಲ್ಲ. ಸಾಕು ಎಂದರೂ ಸುರಿದುಕೊಳ್ಳುತ್ತಲೇ ಇರುತ್ತಾರೆ, ಇನ್ನೂ ಬಿಸಿ ಬೇಕು ಎನ್ನುತ್ತಾರೆ, ಪ್ರಜ್ಞೆ ತಪ್ಪುವವರೆಗೆ. ಹೊರಗಿನಿಂದ ನೋಡುವವರಿಗೆ ಇದು ಹಠ, ಕೊಬ್ಬು ಅನಿಸುತ್ತದೆ. ಆದರೆ ಆ ಹಿತವೂ ಮಿದುಳಿನ ಆ ಮಿಡಿತದ್ದೇ ಒಂದು ಭಾಗ. ಆ ಮಗುವಿಗೆ ಬೈದು ಪ್ರಯೋಜನವಿಲ್ಲ. ಚೊಂಬನ್ನು ಮೆಲ್ಲಗೆ ತೆಗೆದುಕೊಂಡು, ನೀರು ನಿಲ್ಲಿಸಬೇಕು. ಮತ್ತೆ ಈ ವಿಷಯವನ್ನು ವೈದ್ಯರಿಗೆ ಖಂಡಿತ ಹೇಳಬೇಕು. ಬೆಳೆದ ಹುಡುಗರು, ಹುಡುಗಿಯರು ಇದನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ಅವರಿಗೂ ಹೇಳಿ: ಇದು ತಪ್ಪಲ್ಲ, ಕಾಯಿಲೆಯ ಲಕ್ಷಣ.

ಬಚ್ಚಲಲ್ಲಿ ಬಿದ್ದವರೆಲ್ಲ ಫಿಟ್ಸ್ ಬಂದವರಲ್ಲ

ಈಗ ಒಲೆ ಬಿಟ್ಟು ಗೀಸರ್ ಬಂದಿದೆ. ಅದರ ಜೊತೆ ಇನ್ನೊಂದು ಅಪಾಯವೂ ಬಂದಿದೆ. ಗಾಳಿ ಆಡದ ಪುಟ್ಟ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟರೆ, ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮಿದುಳಿಗೆ ಉಸಿರಿಲ್ಲದ ಹಾಗಾಗಿ ಮನುಷ್ಯ ಕುಸಿಯುತ್ತಾನೆ, ಕೆಲವರಿಗೆ ಕೈಕಾಲೂ ಅದುರುತ್ತವೆ. ನೋಡಿದವರು ಫಿಟ್ಸ್ ಎಂದುಕೊಳ್ಳುತ್ತಾರೆ. ಇಂಥವರನ್ನು ಮೂರ್ಛೆ ರೋಗಿಗಳು ಎಂದು ತಪ್ಪಾಗಿ ತಿಳಿದು ಮಾತ್ರೆ ಕೊಟ್ಟ ಉದಾಹರಣೆಗಳಿವೆ. ಇದರಲ್ಲಿ ಪ್ರಾಣ ಹೋದದ್ದೂ ಉಂಟು. ನಿಮ್ಮ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದು ಬಚ್ಚಲಿನ ಹೊರಗಿರಲಿ, ಗಾಳಿ ಆಡುವ ಕಡೆ. ಸ್ನಾನಕ್ಕೆ ಹೋದ ಒಬ್ಬರಾದ ಮೇಲೆ ಒಬ್ಬರಿಗೆ ತಲೆ ಸುತ್ತು, ತಲೆನೋವು, ವಾಂತಿ ಬಂದಂತೆ ಆಗುತ್ತಿದ್ದರೆ ಅನುಮಾನ ಪಡಬೇಕಾದ್ದು ಗೀಸರನ್ನು. ಮೊದಲು ಬಾಗಿಲು ತೆಗೆದು ಹೊರಗೆ ಎಳೆದುಕೊಂಡು ಬನ್ನಿ.

ಇನ್ನು ಕೆಲವರಿಗೆ ಬಿಸಿನೀರಿಗೆ ರಕ್ತನಾಳಗಳು ಹಿಗ್ಗಿ, ಬಿಪಿ ಇಳಿದು, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಇದು ಬರೀ ತಲೆ ಸುತ್ತು. ಮಲಗಿಸಿದ ಕೂಡಲೇ ಎಚ್ಚರ ಬರುತ್ತದೆ, ಮಾತು ಸರಿಯಾಗೇ ಇರುತ್ತದೆ. ಆರು ತಿಂಗಳಿನಿಂದ ಐದು ವರ್ಷದ ಮಕ್ಕಳಿಗೆ ಜೋರು ಜ್ವರದಲ್ಲಿ ಬರುವ ಫಿಟ್ಸ್ ಕೂಡ ಬೇರೆಯೇ.

ಹಾಗಾದರೆ ಬಿಸಿನೀರು ಮೂರ್ಛೆ ಎಂದು ಗುರುತಿಸುವುದು ಹೇಗೆ? ಹೆಚ್ಚಿನಂಶ ನೀವು ಹೇಳುವ ವಿವರದಿಂದಲೇ. ತಲೆಗೆ ವಯರ್ ಅಂಟಿಸಿ ಮಾಡುವ ಇಇಜಿ ಪರೀಕ್ಷೆಯಲ್ಲಿ ಹೆಚ್ಚಿನವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಯಾಕೆಂದರೆ ಆ ಪರೀಕ್ಷೆ ಮಾಡುವಾಗ ಯಾರೂ ಸ್ನಾನ ಮಾಡುತ್ತಿರುವುದಿಲ್ಲ. ಎಂಆರ್‌ಐ ಸ್ಕ್ಯಾನ್ ಕೂಡ ಸಾಮಾನ್ಯವಾಗಿ ನಾರ್ಮಲ್. "ರಿಪೋರ್ಟ್ ಎಲ್ಲ ಚೆನ್ನಾಗಿದೆ, ಏನೂ ಇಲ್ಲವಂತೆ" ಎಂದು ವಾಪಸ್ ಬಂದುಬಿಡುವವರು ಇದ್ದಾರೆ. ಅದಕ್ಕೇ ಬಾಯಿಬಿಟ್ಟು ಹೇಳುವುದು ಮುಖ್ಯ. ನೀರು ಎಷ್ಟು ಬಿಸಿ ಇತ್ತು, ತಲೆಗೇ ಸುರಿದಿರಾ, ಎಷ್ಟು ಹೊತ್ತಿಗೆ ಶುರುವಾಯಿತು, ಮೊದಲು ಏನು ಕಂಡಿತು, ಎಷ್ಟು ನಿಮಿಷ ಇತ್ತು. ಮನೆಯವರು ಯಾರಾದರೂ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರೆ, ಮೈ ಮುಚ್ಚಿದ ಮೇಲೆ ಮಾಡಿದ್ದಾದರೂ ಸರಿ, ವೈದ್ಯರಿಗೆ ಬಹಳ ಉಪಯೋಗ.

ಮದ್ದು ಹಂಡೆಯಲ್ಲೇ ಇದೆ

ಮೊದಲ ಚಿಕಿತ್ಸೆ ನೀರಿನ ಬಿಸಿ ಇಳಿಸುವುದು. ಉಗುರು ಬೆಚ್ಚಗಿನ ನೀರು, ಅಥವಾ ಒಗ್ಗುವುದಾದರೆ ತಣ್ಣೀರು. ಮೊದಲು ಕಾಲಿಗೆ, ಆಮೇಲೆ ಮೈಗೆ, ಕೊನೆಯಲ್ಲಿ ತಲೆಗೆ. ತಲೆಗೆ ಸುರಿಯುವಾಗ ದಬದಬ ಸುರಿಯದೆ ಬಿಟ್ಟು ಬಿಟ್ಟು ಹಾಕಬೇಕು. ಅದಕ್ಕೂ ಆಗದವರು ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿಕೊಳ್ಳಬಹುದು. ಕೇಳಲು ಇಷ್ಟೇನಾ ಅನಿಸುತ್ತದೆ. ಆದರೆ ಎಷ್ಟೋ ಜನಕ್ಕೆ ಇಷ್ಟರಿಂದಲೇ ಫಿಟ್ಸ್ ನಿಂತಿದೆ.

ನೀರು ತಣ್ಣಗೆ ಮಾಡಿದರೂ ಬರುವವರಿಗೆ, ಅಥವಾ ಬಿಸಿನೀರು ಬಿಡಲು ಆಗದವರಿಗೆ, ಕ್ಲೋಬಜಾಮ್ ಅನ್ನುವ ಮಾತ್ರೆ ಇದೆ. ಇದರ ವಿಶೇಷ ಏನೆಂದರೆ, ದಿನವೂ ನುಂಗಬೇಕಾಗಿಲ್ಲ. ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಒಂದು ಸಲ ತೆಗೆದುಕೊಂಡರೆ ಆವತ್ತಿಗೆ ಸಾಕು. ಸ್ನಾನದ ದಿನ ಮಾತ್ರ ಮಾತ್ರೆ ಅನ್ನುವ ಈ ದಾರಿಯನ್ನು ನಿಮ್ಹಾನ್ಸ್‌ನವರು ಇಲ್ಲಿಯ ರೋಗಿಗಳಲ್ಲಿ ನೋಡಿ ಬೆಳೆಸಿದರು. ಈ ಮಾತ್ರೆ ಗಾಬಾದ ಕೈ ಬಲಪಡಿಸುತ್ತದೆ, ಅಂದರೆ "ಸುಮ್ನಿರು" ಎಂದು ಹೇಳುವ ದನಿಯನ್ನು. ಎಷ್ಟು ಮಿಲಿಗ್ರಾಂ ಎಂದು ವೈದ್ಯರೇ ತೂಕ, ವಯಸ್ಸು ನೋಡಿ ಹೇಳಬೇಕು. ಪಕ್ಕದ ಮನೆಯವರ ಚೀಟಿ ತೋರಿಸಿ ತಂದುಕೊಳ್ಳುವ ಮಾತ್ರೆ ಇದಲ್ಲ. ತೆಗೆದುಕೊಂಡ ಮೇಲೆ ಮಂಪರು ಬರಬಹುದು, ಹಾಗಾಗಿ ಆವತ್ತು ಗಾಡಿ ಓಡಿಸುವ ಮುಂಚೆ ಯೋಚಿಸಿ.

ನೀರಿಲ್ಲದೆಯೂ ಫಿಟ್ಸ್ ಬರುತ್ತಿದ್ದರೆ ಮಾತ್ರ ದಿನವೂ ಮಾತ್ರೆ ಬೇಕಾಗುತ್ತದೆ. ಅದಕ್ಕೆ ಕಾರ್ಬಮಜಪಿನ್‌ನಂಥ ಹಳೆಯ, ಕಡಿಮೆ ಬೆಲೆಯ ಔಷಧಗಳೇ ಹೆಚ್ಚಿನವರಿಗೆ ಸಾಕಾಗುತ್ತವೆ. ಶುರು ಮಾಡಿದ ಮಾತ್ರೆಯನ್ನು "ಈಗ ಚೆನ್ನಾಗಿದ್ದಾನಲ್ಲ" ಎಂದು ತಾವಾಗಿ ನಿಲ್ಲಿಸಬಾರದು. ಒಮ್ಮೆಗೇ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು.

ಬಿಸಿನೀರು ಮೂರ್ಛೆಯಲ್ಲಿ ನಿಜವಾಗಿ ಹೆದರಬೇಕಾದ್ದು ಬಚ್ಚಲಿನ ಸುತ್ತಮುತ್ತ ಇರುವುದಕ್ಕೆ. ಉರಿಯುವ ಒಲೆ, ಕುದಿಯುವ ಹಂಡೆ, ಜಾರುವ ಕಲ್ಲು, ಒಳಗಿನಿಂದ ಹಾಕಿದ ಚಿಲಕ. ಫಿಟ್ಸ್‌ಗಿಂತ ಸುಟ್ಟ ಗಾಯಕ್ಕೆ ಆಸ್ಪತ್ರೆ ಸೇರುವಂತೆ ಆಗಬಾರದು. ಆದ್ದರಿಂದ ಇವರು ಚಿಲಕ ಹಾಕದೆ ಸ್ನಾನ ಮಾಡಲಿ. ನಿಂತುಕೊಳ್ಳುವ ಬದಲು ಮಣೆಯ ಮೇಲೆ ಕೂತಿರಲಿ. ಬಿಸಿನೀರು, ತಣ್ಣೀರು ಬೆರೆಸುವುದು ಬಕೆಟ್ಟಿನಲ್ಲಿ, ಹಂಡೆಯಿಂದ ನೇರ ಮೊಗೆಯುವುದು ಬೇಡ. ಹೊರಗೆ ಒಬ್ಬರು ಮಾತಾಡಿಸುತ್ತಾ ಇರಲಿ. ಕೆರೆ, ಬಾವಿ, ಕಾಲುವೆಯಲ್ಲಿ ಒಬ್ಬರೇ ಈಜಲು ಇಳಿಯುವುದಂತೂ ಬೇಡವೇ ಬೇಡ.

ಫಿಟ್ಸ್ ಬಂದೇಬಿಟ್ಟರೆ ಮೊದಲು ನೀರು ನಿಲ್ಲಿಸಿ. ಒಲೆಯ ಹತ್ತಿರದಿಂದ ಎಳೆದುಕೊಳ್ಳಿ. ತಲೆಯ ಕೆಳಗೆ ಮಡಚಿದ ಟವೆಲ್ ಇಡಿ, ಒಂದು ಮಗ್ಗುಲಿಗೆ ಹೊರಳಿಸಿ. ಹಾಗೆ ಮಾಡಿದರೆ ಜೊಲ್ಲು ಹೊರಗೆ ಹರಿಯುತ್ತದೆ, ಉಸಿರಿಗೆ ಅಡ್ಡ ಬರುವುದಿಲ್ಲ. ಬಾಯಿಗೆ ಚಮಚ, ಬಟ್ಟೆ, ಬೆರಳು ಏನೂ ಹಾಕಬೇಡಿ. ನಾಲಿಗೆ ನುಂಗಿಕೊಳ್ಳುತ್ತಾರೆ ಅನ್ನುವುದು ಸುಳ್ಳು. ಹಲ್ಲು ಮುರಿಯುತ್ತದೆ ಅಷ್ಟೆ. ಕೈಕಾಲು ಅದುಮಿ ಹಿಡಿಯಬೇಡಿ. ಪೂರ್ತಿ ಎಚ್ಚರ ಬರುವವರೆಗೆ ನೀರು ಕುಡಿಸಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಒಂದು ನಿಂತು ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ, 108ಕ್ಕೆ ಫೋನ್ ಮಾಡಿ.

ಬೀಗದ ಕೈ, ಚಪ್ಪಲಿ, ಈರುಳ್ಳಿ ಇವುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೈಗೆ ಕಬ್ಬಿಣ ಕೊಟ್ಟ ಮೇಲೆ ಫಿಟ್ಸ್ ನಿಂತಿತು ಎಂದು ಕಣ್ಣಾರೆ ಕಂಡವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಬೀಗದ ಕೈ ಹುಡುಕಿ ತರಲೂ ಅಷ್ಟೇ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮಗ್ಗುಲಿಗೆ ಹೊರಳಿಸಿದ್ದರೆ ಉಪಯೋಗವಾಗುತ್ತಿತ್ತು.

ಮುಚ್ಚಿಡುವ ಮಾತಿಗೆ ಮತ್ತೆ ಬರುತ್ತೇನೆ. ಮದುವೆಯ ಚಿಂತೆಯೇ ಇದರ ಹಿಂದಿನ ದೊಡ್ಡ ಕಾರಣ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗ ಮದುವೆಗೆ ಅಡ್ಡಿ ಎಂದು ಒಂದು ಕಾಲದಲ್ಲಿ ಬರೆದಿತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಕಾನೂನಿನಿಂದ ಹೋದರೂ ಜನರ ಮಾತಿನಿಂದ ಇನ್ನೂ ಹೋಗಿಲ್ಲ. ಹೆಣ್ಣಿನ ಮನೆಯವರು ಮಾತ್ರೆಯ ಡಬ್ಬಿ ಬಚ್ಚಿಟ್ಟು ಮದುವೆ ಮಾಡುತ್ತಾರೆ. ಗಂಡನ ಮನೆಯಲ್ಲಿ ಮಾತ್ರೆ ತೆಗೆದುಕೊಳ್ಳಲು ಆಗದೆ, ಬಿಸಿನೀರು ಬೇಡ ಎನ್ನಲೂ ಆಗದೆ, ಮೊದಲ ವಾರವೇ ಆಕೆ ಬಚ್ಚಲಲ್ಲಿ ಬೀಳುತ್ತಾಳೆ. ಮೊದಲೇ ಹೇಳಿದ್ದರೆ ಉಗುರು ಬೆಚ್ಚಗಿನ ನೀರು, ತೆಗೆದ ಚಿಲಕ, ಒಂದು ಮಾತ್ರೆ, ಇಷ್ಟರಲ್ಲಿ ಮುಗಿಯುತ್ತಿದ್ದ ವಿಷಯ.

ಈಗ ನಮ್ಮ ರಾಜ್ಯದಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ನಡೆಸುತ್ತಿರುವ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಇದೆ. 2022ರಲ್ಲಿ ಶುರುವಾದದ್ದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮೂರ್ಛೆಯಂಥ ಕಾಯಿಲೆ ಗುರುತಿಸುವ ತರಬೇತಿ ಕೊಡುತ್ತಾರೆ. ಹಾಗಾಗಿ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೇ ಹೋಗಿ ಕೇಳಬಹುದು.

ಒಂದು ಎಚ್ಚರಿಕೆ ದೀಪಾವಳಿಯದು. ನೀರು ತುಂಬುವ ಹಬ್ಬದ ಮಾರನೇ ದಿನ, ನರಕ ಚತುರ್ದಶಿಯ ಬೆಳಗಿನ ಜಾವ, ಎಲ್ಲರಿಗೂ ಎಣ್ಣೆ ಹಚ್ಚಿ ಹಂಡೆ ನೀರು ಹುಯ್ಯುತ್ತಾರೆ. ವರ್ಷವೆಲ್ಲ ಹುಷಾರಾಗಿದ್ದ ಮಕ್ಕಳೂ ಆವತ್ತು ಅಜ್ಜಿಯ ಮನೆಯಲ್ಲಿ, ನಿದ್ದೆಗಣ್ಣಿನಲ್ಲಿ, ಪ್ರೀತಿಯಿಂದ ಸುರಿಯುವವರ ಕೈಗೆ ಸಿಕ್ಕಿಬಿಡುತ್ತಾರೆ. ನಿದ್ದೆ ಕೆಟ್ಟಿರುವುದೂ ಫಿಟ್ಸ್ ಕೆಣಕುವ ಇನ್ನೊಂದು ಕಾರಣ. ನನ್ನ ಮಾವನ ಮಗನಿಗೆ ಈಗ ಇಪ್ಪತ್ತಾರು. ಅವನಿಗೆ ಕೊನೆಯ ಸಲ ಫಿಟ್ಸ್ ಬಂದು ಹನ್ನೊಂದು ವರ್ಷ ಆಯಿತು. ಹಬ್ಬದ ಹಿಂದಿನ ರಾತ್ರಿ ನಮ್ಮತ್ತೆ ಒಂದು ಬಕೆಟ್ ನೀರನ್ನು ಬೇರೆ ಇಟ್ಟು, "ಇದು ಅವನದು, ಇದಕ್ಕೆ ಯಾರೂ ಹಂಡೆ ನೀರು ಬೆರೆಸಬೇಡಿ" ಎಂದು ಮನೆಗೆ ಬಂದ ನೆಂಟರಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ.